ರೇಣುಕಾದೇವಿಯ ಅಲ್ಲಾಡದ ಮುಖ

ಹಾಡಲು ಕೂತರೆ ರೇಣುಕಾದೇವಿಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಅದು ಬೇವೂರಿನಲ್ಲಿ ಸೋದರಮಾವ ಕಲಿಸಿದ ವಿದ್ಯೆ. ಸಾವಾದ ಮನೆಗಳಿಗೆ ಭಜನೆ ಹೇಳಲು ಹೋಗುತ್ತಿದ್ದ ಅವನು ಹತ್ತು ವರ್ಷದ ಹುಡುಗಿಯನ್ನೂ ಕರೆದೊಯ್ಯುತ್ತಿದ್ದ. "ಅಳೋದು ಮನಿ ಮಂದಿ ಕೆಲಸ. ಹಾಡೋದು ನಮ್ಮ ಕೆಲಸ. ನಿನ್ನ ಮಾರಿ ಅಲ್ಲಾಡಿದ್ರ ದನೀನೂ ಅಲ್ಲಾಡ್ತೈತಿ," ಅನ್ನುತ್ತಿದ್ದ.

ಮೂವತ್ತು ವರ್ಷದ ಮೇಲೆ ಅದೇ ಮುಖ ಅವಳನ್ನು ಟಿವಿಗೆ ಹತ್ತಿಸಿತು.

ಆಗ ಅವಳು ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್, ಮನೆ ಭಾಗ್ಯನಗರದಲ್ಲಿ. ಮದುವೆಗಳ ವಿಡಿಯೋ ತೆಗೆಯುತ್ತಿದ್ದ ಗವಿಸಿದ್ದೇಶ ಎಂಬುವನು ಊರಿನ ಕೇಬಲ್ಲಿಗೆಂದು ಭಾನುವಾರಕ್ಕೊಂದು ನಗೆ ಧಾರಾವಾಹಿ ಶುರು ಮಾಡಿದ್ದ. ಒಂದು ವಠಾರ, ನಾಲ್ಕು ಬಾಡಿಗೆದಾರರು, ಒಬ್ಬ ಮನೆಯೊಡತಿ. ಒಡತಿಯಾಗಬೇಕಿದ್ದ ಹೆಂಗಸು ಕೈಕೊಟ್ಟಾಗ ಅವನು ಭಜನೆಯಲ್ಲಿ ನೋಡಿದ್ದ ರೇಣುಕಾದೇವಿಯ ಕೈಕಾಲು ಹಿಡಿದು ಕರೆದೊಯ್ದ. ಮಾತು ಬಾಯಿಪಾಠ ಮಾಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. "ಹಾಡ್ಲೇನು?" ಎಂದು ಕೇಳಿ, ಹಾರ್ಮೋನಿಯಂ ಎಳೆದುಕೊಂಡು, ಸತ್ತವರ ಮುಂದೆ ಹೇಳುವ ಧಾಟಿಯಲ್ಲೇ ಬಾಡಿಗೆದಾರ ನಾಗೇಶನ ಮುಂದೆ ಹಾಡಿದಳು:

"ನಳದ ನೀರು ನಿಂತು ಹೋಯ್ತಲ್ಲಾ, ನಾಗೇಶಾ, ನಿನ್ನ ಲುಂಗಿ ಇನ್ನೂ ಬಕೀಟಿನಾಗ ಐತಲ್ಲಾ..."

ಕ್ಯಾಮೆರಾ ಹಿಡಿದವನು ನಗು ತಡೆಯಲಾರದೆ ಹೊರಗೆ ಓಡಿದ. ಆ ಭಾನುವಾರ ಇಡೀ ಕೊಪ್ಪಳ ನಕ್ಕಿತು. ಮರುದಿನ ಕಚೇರಿಯಲ್ಲಿ ಸಾಹೇಬರೇ ಎದ್ದು ಬಂದು ಮಾತನಾಡಿಸಿದರು. ಜನ ಯಾಕೆ ನಗುತ್ತಾರೆಂದು ಅವಳಿಗೆ ಬೇಗ ತಿಳಿಯಿತು. ಲುಂಗಿಯ ದುಃಖವನ್ನು ಅವಳು ನಿಜವಾದ ದುಃಖದಂತೆ ಗೌರವಿಸುತ್ತಿದ್ದಳು. ತಾನೇ ನಕ್ಕುಬಿಟ್ಟರೆ ನೋಡುವವರಿಗೆ ನಗಲು ಏನೂ ಉಳಿಯುತ್ತಿರಲಿಲ್ಲ.

ಗವಿಸಿದ್ದೇಶನಿಗೆ ಇದು ತಿಳಿಯಲೇ ಇಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಅವಳ ಒಂದೊಂದು ಸಾಲಿನ ಹಿಂದೆ ಡಬ್ಬಿಯಲ್ಲಿ ತುಂಬಿಟ್ಟಂಥ ನಗುವನ್ನು ಸುರಿಯತೊಡಗಿದ. ಎಲ್ಲಿಯದೋ ಜನ, ಯಾವುದಕ್ಕೋ ನಕ್ಕ ನಗು. ಅದರ ಜೊತೆಗೆ ಎಮ್ಮೆ ಅರಚುವ ಸದ್ದು. ತಾನು ಹಾಡಿದ್ದರ ಮೇಲೆ ಯಾರೋ ಕ್ಯಾಕರಿಸಿ ಉಗುಳಿದಂತೆ ಅನ್ನಿಸಿ ಅವಳಿಗೆ ಹೇಸಿಗೆಯಾಗುತ್ತಿತ್ತು.

"ಸ್ವಲ್ಪ ಕಣ್ಣು ತಿರುಗಸ್ರಿ ಮೇಡಂ, ಇಲ್ಲಾಂದ್ರ ಮಂದಿಗೆ ಎಲ್ಲಿ ನಗಬೇಕು ಗೊತ್ತಾಗಂಗಿಲ್ಲ," ಅಂದ ಅವನು.

"ಮಂದಿ ನಿನಗಿಂತ ಶ್ಯಾಣ್ಯಾರದಾರ," ಅಂದಳು. ಆದರೂ ಧಾರಾವಾಹಿಯನ್ನು ಬಿಡಲಿಲ್ಲ. ಸಂತೆಗೆ ಹೋದಾಗ ಜನ ಗುರುತು ಹಿಡಿಯುವುದು ಅವಳಿಗೂ ಹಿತವಾಗಿತ್ತು.

ಹೀಗಿರುವಾಗ ಒಂದು ಬುಧವಾರ ಪಕ್ಕದ ಮನೆಯ ದುರುಗವ್ವ ತೀರಿಕೊಂಡಳು. ವಿಗ್ಗಿಗೆಂದು ಬಂದ ಕೂದಲಿನ ಸಿಕ್ಕು ಬಿಡಿಸುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೂತು ಬೆನ್ನು ಬಾಗಿದ ಮುದುಕಿ. ರೇಣುಕಾದೇವಿಗೆ ಟೈಫಾಯ್ಡ್ ಬಂದಾಗ ಒಂದು ತಿಂಗಳು ಗಂಜಿ ಕುಡಿಸಿದವಳು. ಮಗಳು ಭವಾನಿ ಕೈ ಹಿಡಿದು, "ಅಕ್ಕಾ, ನೀವ ಹಾಡಬೇಕ್ರಿ," ಅಂದಳು. ಅಂಗಳದಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ರೇಣುಕಾದೇವಿ ಅದರ ಎದುರು ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಡಿದಳು. ಆ ಗಂಜಿ ನೆನಪಾಗುತ್ತಲೇ ಇತ್ತು, ಮುಖ ಅಲ್ಲಾಡಲಿಲ್ಲ. ನೆನಪಿಗಿರಲೆಂದು ಭವಾನಿಯೇ ವಿಡಿಯೋಕ್ಕೆ ಹೇಳಿದ್ದಳು. ತೆಗೆದವನು ಗವಿಸಿದ್ದೇಶ.

ಭಾನುವಾರ ಓಣಿಯ ಜೈನಾಬೀ, "ರೇಣುಕಾ, ನಿಂದು ಬಂತು ನೋಡು," ಎನ್ನುತ್ತ ಅವಳ ಮನೆಗೇ ಬಂದು ಟಿವಿ ಹಾಕಿದಳು. ಈ ಸಲದ ಕಥೆಯಲ್ಲಿ ವಠಾರದ ಹುಂಜ ಸತ್ತಿತ್ತು. ಕಾಲು ಮೇಲೆ ಮಾಡಿ ಬಿದ್ದ ಹುಂಜ, ಅದರ ಬೆನ್ನಿಗೇ ಒಡತಿಯ ಮುಖ, ಹಾರ್ಮೋನಿಯಂ, ಎದೆ ಬಿರಿಯುವಂಥ ಹಾಡು. ಮತ್ತೆ ಹುಂಜ. ಮತ್ತೆ ಮುಖ. ರೇಣುಕಾದೇವಿ ಫಕ್ಕನೆ ನಕ್ಕುಬಿಟ್ಟಳು.

ನಕ್ಕ ಮೇಲೆ ಕಣ್ಣಿಗೆ ಬಿದ್ದದ್ದು ಬುಧವಾರ ತಾನು ಉಟ್ಟಿದ್ದ ಬೂದು ಸೀರೆ, ಹಿಂದೆ ದುರುಗವ್ವನ ಮನೆಯ ನೀಲಿ ಬಾಗಿಲು. ಡಬ್ಬಿಯ ನಗು ಭೋರ್ಗರೆಯುತ್ತಿತ್ತು. ಹಿತ್ತಿಲಿಗೆ ಓಡಿ ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿಕೊಂಡಳು. ಬಾಯಿ ತೊಳೆದರೂ ಆ ಒಂದು ನಗುವಿನ ರುಚಿ ನಾಲಿಗೆಯಿಂದ ಹೋಗಲಿಲ್ಲ.

ಹಾಗೇ ಎದ್ದು ಗವಿಸಿದ್ದೇಶನ ಸ್ಟುಡಿಯೋಕ್ಕೆ ಹೋದಳು. ಅವನು ಮಿರ್ಚಿ ತಿನ್ನುತ್ತ ಕೂತಿದ್ದ. ಗಲ್ಲದ ಮೇಲೆ ಎಣ್ಣೆ ಇಳಿದಿತ್ತು.

"ಅದು ದುರುಗವ್ವನ ಹೆಣದ ಮುಂದ ಹಾಡಿದ್ದು."

"ಹೆಣ ಎಲ್ಲಿ ಕಾಣಸ್ತೈತ್ರಿ ಮೇಡಂ? ನಿಮ್ಮ ಮಾರಿ ಅಷ್ಟ ಐತಿ. ಊರಿಗೆ ಊರ ಬಿದ್ದು ಬಿದ್ದು ನಗಾಕತ್ತೈತಿ!" ಎಣ್ಣೆಯ ಬೆರಳನ್ನು ಅವನು ಕ್ಯಾಸೆಟ್ಟುಗಳ ಮೇಲಿನ ಬಟ್ಟೆಗೆ ಒರೆಸಿದ.

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. "ನಾಳೆ ಇದ ಕೇಬಲ್ಲಿನಾಗ ನಾ ಕ್ಷಮಾ ಕೇಳಬೇಕು. ನಗಿ ಹಾಕಬ್ಯಾಡ, ಎಮ್ಮಿ ಹಾಕಬ್ಯಾಡ. ಇಲ್ಲಾಂದ್ರ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ," ಅಂದಳು. ಅವನು ಒಪ್ಪಿದ.

ಸೋಮವಾರ ಸಂಜೆಯ ಊರ ಸುದ್ದಿಯ ನಂತರ ಅವಳು ಕ್ಯಾಮೆರಾ ಎದುರು ಕೂತು ನಡೆದದ್ದನ್ನು ಹೇಳಿದಳು. ದುರುಗವ್ವನ ಹೆಸರು ಹೇಳಿ ಕೈ ಮುಗಿದಳು. ಒಂದು ಸದ್ದನ್ನೂ ಸೇರಿಸಲು ಬಿಡಲಿಲ್ಲ.

ಮಂಗಳವಾರ ಕಚೇರಿಯ ಮೆಟ್ಟಿಲಲ್ಲೇ ಜವಾನ ಕರಿಬಸಪ್ಪ ಹೊಟ್ಟೆ ಹಿಡಿದುಕೊಂಡು ಎದುರು ಬಂದ. "ನಿನ್ನೀದು ಭಾರಿ ಇತ್ರಿ ಅಕ್ಕಾರ! ಮುದುಕಿ ಸತ್ತಾಳಂತ, ಕೈ ಮುಗ್ಯಾಕತ್ತೀರಿ, ಮಾರಿ ನೋಡಿದ್ರ... ಅಯ್ಯಯ್ಯೋ!"

ಬಸ್‌ಸ್ಟ್ಯಾಂಡಿನಲ್ಲೂ ಅದೇ ಮಾತು. ಅವಳು ಸಿಟ್ಟಿನಿಂದ ದುರುಗುಟ್ಟಿ ನೋಡಿದರೆ ಜನ ಇನ್ನಷ್ಟು ನಕ್ಕರು. ಗವಿಸಿದ್ದೇಶನ ಮೇಲಿದ್ದ ಅಸಹ್ಯ ಈಗ ಊರಿನ ಮೇಲೂ ಹರಡಿತು. ತನ್ನ ಮುಖವೂ ಕಾಣಬಾರದೆಂದು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ಅಂದು ಸಂಜೆ ಭವಾನಿಯ ಬಾಗಿಲಿಗೆ ಹೋಗಿ, "ನನ್ನಿಂದ ತಪ್ಪಾತವ್ವಾ," ಅಂದಳು.

ಭವಾನಿ ಅವಳ ಮುಖ ನೋಡಿದಳು. "ಇಲ್ಲೂ ನಾಟಕ ಹಚ್ಚೀರೇನ್ರಿ?" ಎಂದವಳೇ ನೀಲಿ ಬಾಗಿಲು ಹಾಕಿಕೊಂಡಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ರೇಣುಕಾದೇವಿ ಕರೆಯದೆಯೇ ಹೋದಳು. ಯಾರ ಕಡೆಗೂ ನೋಡದೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ನೂರಿಪ್ಪತ್ತು ಜನರ ಊಟ. ಭವಾನಿ ಎರಡು ಸಲ ಒಳಗೆ ಬಂದು ಅವಳ ಕಡೆ ನೋಡದೆ ರೊಟ್ಟಿಯ ಬುಟ್ಟಿ ಒಯ್ದಳು. ಮೂರನೆಯ ಸಲ ಬಂದಾಗ ಬೇರೆ ಹೆಂಗಸರೆಲ್ಲ ನೀರು ತರಲು ಹೋಗಿದ್ದರು.

ರೇಣುಕಾದೇವಿ ಹಿಟ್ಟಿನಿಂದ ಕೈ ತೆಗೆಯದೆ ಹೇಳಿದಳು: "ಭವಾನಿ, ಟಿವಿ ನೋಡಿ ಮೊದ್ಲು ನಾನ ನಕ್ಕೆ. ಅವ್ವನ ಮುಂದ ಹಾಡಿದ್ದು ಅಂತ ಗೊತ್ತಾಗೂದ್ರಾಗ ನಗಿ ಬಂದುಬಿಟ್ಟಿತ್ತು. ನನ್ನಂಥ ಹೊಲಸು ಹೆಂಗಸು ಇನ್ನೊಬ್ಬಾಕಿಲ್ಲ."

ಭವಾನಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. ಆಮೇಲೆ ಒಲೆಯ ಪಕ್ಕ ಕುಸಿದು ಕೂತಳು.

"ನಾನೂ ನಕ್ಕೆ ಅಕ್ಕಾ," ಅಂದಳು. "ಹುಂಜ ಹಂಗ ಬಿದ್ದಿತ್ತು, ನಿಮ್ಮ ಮಾರಿ ಹಂಗಿತ್ತು. ನಕ್ಕು, ಆಮ್ಯಾಲೆ ನಮ್ಮ ಬಾಗಿಲ ನೋಡಿದೆ. ನಿಮ್ಮ ಮ್ಯಾಲೆ ಸಿಟ್ಟು ಮಾಡಿದ್ರ ನಂದು ಮರೀತೈತಿ ಅಂತ ಮಾಡಿದ್ದೆ. ಮರೀಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಭವಾನಿ ಅದನ್ನು ತಿರುವಿ ಹಾಕಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಂಚಿನ ಕಡೆಗೆ ಸರಿದಳು. "ನೀವು ಬಡೀರಿ, ನಾ ಬೇಯಸ್ತೀನಿ," ಅಂದು, ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡು, "ಅಲ್ಲ, ನಾನ ಬಡೀತೀನಿ. ನಿಮ್ಮ ಕೈ ಕೆಂಪಗಾಗ್ಯಾವ," ಅಂದಳು.