ದೋಣಿ ನಿಧಾನವಾದದ್ದು

ಮಾವ ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಕಂಪ್ಯೂಟರಿನ ತೆರೆಯ ಮೇಲಿನ ದೋಣಿ ಮಾತ್ರ ಮುಂದಕ್ಕೆ ಹೋಗಲೊಲ್ಲದು.

ಹೋಗಲೇ ಇಲ್ಲ ಎಂದರೆ ತಪ್ಪಾದೀತು. ಹೋಗುತ್ತಿತ್ತು, ಜ್ವರ ಬಂದ ಬಸವನಹುಳುವಿನ ಹಾಗೆ. ಪುಟ್ಟಿಗೆ ತಲೆಬುಡ ತಿಳಿಯಲಿಲ್ಲ. ನಿನ್ನೆ ಇದೇ ದೋಣಿ ಲಕ್ಷಣವಾಗಿ ಓಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬೆಳಗಾಗುವುದರೊಳಗೆ ಇದಕ್ಕೇನು ಬಡಿಯಿತು?

ಆಟ ಮಾವನದೇ. ಮಾವ ಅಂದರೆ ಅಮ್ಮನ ಅಣ್ಣ. ಕಂಪ್ಯೂಟರಿನ ತಂತಿಯನ್ನು ಟಿವಿಗೆ ಸಿಕ್ಕಿಸಿ ಆಡುವ ಕಾಲದಲ್ಲಿ ಒಬ್ಬನೇ ಕೂತು ಬರೆದದ್ದು. ತೇಲಿಬರುವ ದಿಮ್ಮಿಗಳಿಂದ ತಪ್ಪಿಸಿಕೊಂಡು ದೋಣಿಯನ್ನು ಆಚೆ ದಡ ಮುಟ್ಟಿಸಬೇಕು, ಅಷ್ಟೇ. ಹಳೆಯ ಆಟವೊಂದಕ್ಕೆ ಮತ್ತೆ ಜೀವ ಕೊಡಿ, ಆದರೆ ಹೇಗಿತ್ತೋ ಹಾಗೇ ಇರಬೇಕು ಎಂದು ವಿಶ್ವವಿದ್ಯಾಲಯದ ಮೇಡಂ ಹೇಳಿದಾಗ ಪುಟ್ಟಿ ಅಟ್ಟದಿಂದ ಇದನ್ನೇ ಇಳಿಸಿಕೊಂಡು ಬಂದಳು. ಚಿತ್ರಕ್ಕೊಂದು ತಂಡ, ಸದ್ದಿಗೊಂದು, ಆಟ ನಡೆಸುವ ಕೋಡಿಂಗಿಗೊಂದು. ಪುಟ್ಟಿ ಕೋಡಿಂಗಿನವಳು. ಮೂರು ತಂಡಕ್ಕೂ ಬೇರೆಬೇರೆ ಕೋಣೆ. ಎಲ್ಲರ ಕೆಲಸವನ್ನೂ ಒಂದುಗೂಡಿಸಿದ್ದು ಇವತ್ತು ಬೆಳಿಗ್ಗೆ, ಮಾವನ ಕಾರು ಗೇಟಿಗೆ ಬಂದಾಗ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆದಿತ್ತು. ಬಲಗೈ ಹೇಳಿದ ಮಾತು ಕೇಳುವುದಿಲ್ಲ, ಎಡಗೈಯೂ ನಡುಗುತ್ತದೆ. ಮೂಗಿನ ತುದಿಯ ಕೋಪವೊಂದು ಮಾತ್ರ ಗಟ್ಟಿಮುಟ್ಟಾಗಿದೆ. ಅಂಗಿಯ ಗುಂಡಿ ಹಾಕಲು ಅತ್ತೆ ಬಂದರೂ ಉರಿದುಬೀಳುತ್ತಾನೆ. ಚೆಸ್ ಆಡಲು ಬಂದ ಗೆಳೆಯ ಬೇಕಂತಲೇ ಸೋತನೆಂದು ಗೊತ್ತಾದ ದಿನ ಅವನನ್ನು ಎಬ್ಬಿಸಿ ಕಳಿಸಿದವನು, ಆಮೇಲೆ ಯಾರೊಡನೆಯೂ ಆಡಿಲ್ಲ, ಹೊಸ್ತಿಲು ದಾಟಿಲ್ಲ. ಪುಟ್ಟಿ ಕಾಡಿ ಬೇಡಿ ಇವತ್ತು ಹೊರಡಿಸಿದ್ದಳು. ತನಗೋಸ್ಕರ ಏನನ್ನಾದರೂ ಸುಲಭ ಮಾಡಿದ್ದು ಕಂಡರೆ ಎದ್ದುಬಿಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಎದ್ದನೋ, ಮತ್ತೆ ಮನೆಯಿಂದ ಹೊರಡುವ ಮಾತೇ ಇಲ್ಲ.

ಈಗ ನೋಡಿದರೆ ಆಟ ಅವನ ಕೈಗೇ ಅಳತೆ ತೆಗೆದು ಹೊಲಿದಂತಿದೆ! ದಿಮ್ಮಿ ಬಂತು, ಎಡಗೈ ನಡುಗುತ್ತ ಗುಂಡಿ ಹುಡುಕಿತು, ಒತ್ತಿತು, ದೋಣಿ ತಪ್ಪಿಸಿಕೊಂಡಿತು. ಮತ್ತೊಂದು ಬಂತು, ಅದೂ ಹೋಯಿತು. ಮಾವನ ಮುಖ ಅರಳಿತು, ಹಾಗೇ ಗಂಟಿಕ್ಕಿತು.

"ಇದು ಇಷ್ಟು ನಿಧಾನ ಇರಲಿಲ್ಲ. ಯಾರು ಮಾಡಿದ್ದು?"

ಪುಟ್ಟಿ ಗೊತ್ತಿಲ್ಲ ಎಂದಳು. ಅದು ನಿಜವೇ, ಆದರೆ ಅವಳ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಮಾವ ಊರುಗೋಲಿಗೆ ಕೈಚಾಚಿದ.

ಅಷ್ಟರಲ್ಲಿ ಸದ್ದಿನ ತಂಡದ ಉದ್ದನೆಯ ಹುಡುಗ ಮುಂದೆ ಬಂದ. ಹೊಸ ಕಂಪ್ಯೂಟರಿನಲ್ಲಿ ಆಟ ದಿಕ್ಕೆಟ್ಟು ಓಡುತ್ತಿತ್ತು, ಹಾಡು ಕೀಚಲಾಗುತ್ತಿತ್ತು, ಅದಕ್ಕೇ ತಾವೊಂದು ಬ್ರೇಕು ಹಾಕಿದೆವು ಎಂದ. ಚಿತ್ರದ ತಂಡದ ಕನ್ನಡಕದವಳು ಅವನ ಮೇಲೆ ಎಗರಿದಳು. ಬ್ರೇಕು ತಾವು ಎಂದೋ ಹಾಕಿಯಾಗಿದೆ, ಇವರನ್ನು ಯಾರು ಕೇಳಿದರು? ಪುಟ್ಟಿ ಹಣೆ ಚಚ್ಚಿಕೊಂಡಳು. ಅವಳ ತಂಡವೂ ಒಂದು ಹಾಕಿತ್ತು; ಇವತ್ತು ಮೂರೂ ಒಟ್ಟಿಗೆ ಬಿದ್ದಿದ್ದವು. ಇಷ್ಟು ಸಣ್ಣ ವಿಷಯವನ್ನು ಪಕ್ಕದ ಕೋಣೆಗೆ ಹೋಗಿ ಏನು ಹೇಳುವುದು ಎಂದು ಮೂವರೂ ಸುಮ್ಮನಿದ್ದರು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಮೂರು ಸಲ ಸತ್ತಿತ್ತು.

ಈಗ ಯಾರ ಬ್ರೇಕು ತೆಗೆಯಬೇಕೆಂದು ಜಗಳ ಹತ್ತಿಕೊಂಡಿತು. ನಿಮ್ಮದು ತೆಗೆಯಿರಿ, ನಿಮ್ಮದೇ ತೆಗೆಯಿರಿ. ಅತಿಥಿ ಇದ್ದಾನೆಂಬುದೇ ಯಾರಿಗೂ ನೆನಪಿಲ್ಲ. ಮೇಡಂ ಕೂಡ ನಡುವೆ ನಿಂತು ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡುತ್ತಿದ್ದರು. ನಗಬೇಕೋ ಅಳಬೇಕೋ ಪುಟ್ಟಿಗೆ ತೋಚಲಿಲ್ಲ.

ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಪುಟ್ಟಿಯ ಕಡೆ ತಿರುಗಿದ.

"ಅಯ್ಯೋ ಪಾಪ ಅಂತ ಮಾಡಿದ್ದಲ್ಲ ತಾನೆ?"

"ಅಲ್ಲ ಮಾವ. ಬರೀ ದಡ್ಡತನ."

ಮಾವನ ಹೊಟ್ಟೆ ಕುಲುಕಿತು. ಅವನು ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಊರುಗೋಲನ್ನು ಮೇಜಿಗೆ ಒರಗಿಸಿಟ್ಟ.

"ಹಾಗಾದ್ರೆ ಕುರ್ಚಿ ಮುಂದಕ್ಕೆ ತಳ್ಳು. ಬ್ರೇಕು ಆಮೇಲೆ ತೆಗೀರಿ, ಮೊದಲು ನಾನು ದಾಟ್ಕೋತೀನಿ."