ಪಂಚಮಿಯ ಖರ್ಚು

ನನ್ನ ಗಂಡ ದತ್ತು ಜಿಪುಣರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಸಪ್ತಾಪುರದ ನಮ್ಮ ಓಣಿಯಲ್ಲಿ ಮೂರು ವರ್ಷ ಎಲ್ಲರೂ ಇವರನ್ನು ಹಾಗೇ ಕರೆದರು. ಸಿಟ್ಟು ಬಂದಾಗ ನಾನೂ ಕರೆದಿದ್ದೇನೆ, ಮತ್ತು ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಮದುವೆಯಾದ ಹೊಸದರಲ್ಲಿ ಪಾವು ಕಿಲೋ ಪೇಡೆ ತರಲು ಕಳಿಸಿದರೆ ಓಣಿಗೆಲ್ಲ ಹಂಚುವಷ್ಟು ತಂದು, ನನ್ನಿಂದ ಬೈಸಿಕೊಂಡು ನಗುತ್ತಿದ್ದ ಮನುಷ್ಯ. ಅಂಥವರು ಬೆಂಕಿಪೊಟ್ಟಣದ ಕಡ್ಡಿ ಎಣಿಸುವ ಹಾಗಾದದ್ದು ತಂಗಿಯ ಮದುವೆಗೆ ತೆಗೆದ ಸಾಲದಿಂದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮನೆ ಕಟ್ಟುವ ಯೋಗ ನಮಗಿರಲಿಲ್ಲ, ಮದುವೆ ಮಾಡಿ ನೋಡಿದೆವು. ನಮ್ಮ ಅತ್ತೆಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವರದು ಒಂದೇ ಹಟ: ಮಗಳು ಮೈತ್ರೇಯಿಯ ಕೊರಳಲ್ಲಿ ತಾಳಿ ನೋಡಿಯೇ ಕಣ್ಣು ಮುಚ್ಚಬೇಕು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಔಷಧದ ಅಂಗಡಿ ಇಟ್ಟಿದ್ದ ರೋಹಿತ ಒಪ್ಪಿದ, ಒಳ್ಳೆಯ ಹುಡುಗ. ಮಾವನವರು ಸಾಲಿಮಾಸ್ತರರಾಗಿ ಕೂಡಿಟ್ಟುಹೋಗಿದ್ದ ಠೇವಣಿ ಅಷ್ಟರಲ್ಲಾಗಲೇ ಅತ್ತೆಯ ದವಾಖಾನೆಗೆ ಕರಗಿತ್ತು. ಇವರು ಬ್ಯಾಂಕಿನಲ್ಲಿ ಐದು ಲಕ್ಷ ಪರ್ಸನಲ್ ಲೋನ್ ತೆಗೆದರು. ತಂಗಿ ಕೇಳಿದಾಗ ಅಪ್ಪನ ಠೇವಣಿ ಮುರಿಸಿದೆ ಎಂದು ಸುಳ್ಳು ಹೇಳಿದರು. ಮಾಘ ಮಾಸದಲ್ಲಿ ಮದುವೆಯಾಯಿತು, ಬೇಸಿಗೆ ಮುಗಿಯುವ ಮುಂಚೆ ಅತ್ತೆ ತೀರಿಕೊಂಡರು. ಉಳಿದದ್ದು ಮೂರು ವರ್ಷದ ಕಂತು.

ಇವರು ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸುಪರ್‌ವೈಸರ್. ಪಗಾರದ ಅರ್ಧಕ್ಕಿಂತ ಹೆಚ್ಚು ಐದನೇ ತಾರೀಖಿಗೇ ಬ್ಯಾಂಕಿಗೆ ಹೋಗುತ್ತಿತ್ತು. ಉಳಿದದ್ದನ್ನು ನಾನು ಮೈತ್ರೇಯಿಯ ಮದುವೆಯಲ್ಲಿ ಮಿಕ್ಕಿದ್ದ ಲಗ್ನಪತ್ರಿಕೆಯ ಕವರುಗಳಲ್ಲಿ ಹಂಚಿಡುತ್ತಿದ್ದೆ: ಬಾಡಿಗೆಗೊಂದು, ಸಂತೆಗೊಂದು, ಗ್ಯಾಸಿಗೊಂದು. ಮೋಟರ್ ಸೈಕಲ್ ಮಾರಿದೆವು. ಸಂತೆ ಮುಗಿದು ಅಂಗಡಿಯವರು ಗೋಣಿತಟ್ಟು ಮಡಚುವ ಹೊತ್ತಿಗೆ ಹೋಗಿ ಬಾಡಿದ ಬದನೆಕಾಯಿ, ಬಲಿತ ಬೆಂಡೆಕಾಯಿ ತರುತ್ತಿದ್ದೆ. ಬಲಿತ ಬೆಂಡೆಕಾಯಿಯಿಂದ ಏನೇನು ಮಾಡಬಹುದೆಂದು ಯಾರಾದರೂ ಕೇಳಿದರೆ ಒಂದು ಪುಸ್ತಕ ಬರೆದೇನು. ಮನೆಯಲ್ಲೇ ಕೂತು ಓಣಿಯವರ ಸೀರೆಗಳಿಗೆ ಫಾಲ್ ಹಚ್ಚಿಕೊಟ್ಟು ನಾಲ್ಕು ಕಾಸು ಸೇರಿಸಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳುವವರಿಗೇನು ಗೊತ್ತು, ನಾವು ಮೂರು ವರ್ಷ ಮುದುಡಿಯೇ ಮಲಗಿದೆವು. ಆದರೂ ಆ ಬಡತನ ನನಗೆ ಭಾರವೆನಿಸಲಿಲ್ಲ. ಭಾರವೆನಿಸಿದ್ದು ಪಂಚಮಿ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬಂದು ಉಂಡಿ ತಿಂದು, ಜೋಕಾಲಿ ಆಡಿ, ಹೊಸ ಸೀರೆ ಉಟ್ಟು ಹೋಗಬೇಕು. ಆದರೆ ಅಣ್ಣ ಬಂದು ಕರೆಯಬೇಕು. ಕರೆಯದೆ ಬರುವ ಪದ್ಧತಿಯಿಲ್ಲ. ಬರಿಗೈಯಲ್ಲಿ ಹೋಗಿ ಕರೆಯುವ ಪದ್ಧತಿಯೂ ಇಲ್ಲ. ಬೀಗರ ಮನೆಗೆ ಬುಟ್ಟಿ ತುಂಬ ಉಂಡಿ, ಬೀಗಿತಿಗೆ ಕುಪ್ಪಸದ ಖಣ, ಅಳಿಯನಿಗೆ ಅಂಗಿ, ತಂಗಿಗೆ ಸೀರೆ. ಆ ಖರ್ಚನ್ನು ಹಾಕಲು ನನ್ನ ಹತ್ತಿರ ಕವರೇನೋ ಇತ್ತು, ಒಳಗೆ ಹಾಕಲು ದುಡ್ಡಿರಲಿಲ್ಲ. ಹೀಗೆ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸು ಹತ್ತಿದರೆ ತಾಸಿನೊಳಗೆ ತಲುಪುವ ಎರಡು ಮನೆಗಳ ನಡುವೆ ಅಣ್ಣನೂ ಹೋಗದೆ, ತಂಗಿಯೂ ಬಾರದೆ ವರ್ಷಗಳು ಕಳೆದವು.

ಮೊದಲ ವರ್ಷ ನೆಪ ಬೇಕಾಗಲಿಲ್ಲ. ಅತ್ತೆ ತೀರಿಕೊಂಡ ವರ್ಷ, ಹಬ್ಬವಿಲ್ಲ. ಎರಡನೆಯ ವರ್ಷ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲವೆಂದು ಇವರು ಫೋನಿನಲ್ಲಿ ಹೇಳಿದರು. ಅವತ್ತು ನಾನು ಜಗಳ ತೆಗೆದೆ. ಬರಿಗೈಯಲ್ಲೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿರಿ, ಅವಳೇನು ಹೊರಗಿನವಳೇ ಎಂದೆ. ಇವರು ಒಪ್ಪಲಿಲ್ಲ.

“ಸಾಲಾ ಮಾಡಿ ನಿನ್ನ ಲಗ್ನಾ ಮಾಡೇನಿ ಅಂತ ತಂಗಿ ಮುಂದ ಹ್ಯಾಂಗ ಹೇಳ್ಲಿ? ಆಮ್ಯಾಲೆ ಆಕಿಗೆ ಉಂಡ ಅನ್ನಾ ಮೈಗೆ ಹತ್ತತದೇನು?” ಎಂದರು. “ತೀರಲಿ. ತೀರಿದ ಮ್ಯಾಲೆ ಕೈ ತುಂಬ ಒಯ್ತೀನಿ.”

ಹಬ್ಬವೊಂದೇ ಅಲ್ಲ, ಇವರು ಆ ಮನೆಗೆ ಹೋಗುವುದನ್ನೇ ಬಿಟ್ಟರು. ಹೋದರೆ ಹಣ್ಣಾದರೂ ಒಯ್ಯಬೇಕು, ಒಯ್ದರೆ ನಾಲ್ಕು ಮಂದಿ ನೋಡುವಂತೆ ಒಯ್ಯಬೇಕು. ವಾರಕ್ಕೊಮ್ಮೆ ಫೋನು ಮಾಡಿ ಊಟ ಆತೇನು, ಮಳಿ ಆತೇನು ಎಂದು ಕೇಳಿ ಇಡುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಇದು ಹೆಂಡತಿ ಬಂದ ಮೇಲೆ ತಂಗಿಯನ್ನು ಮರೆತ ಅಣ್ಣನ ಕಥೆ. ಆ ಕಥೆಯಲ್ಲಿ ಕೆಟ್ಟವಳು ನಾನು ಎಂಬುದೂ ನನಗೆ ಗೊತ್ತಿತ್ತು.

ಮೂರನೆಯ ವರ್ಷ ಹಬ್ಬಕ್ಕೆ ಎಂಟು ದಿನ ಇರುವಾಗ ಮೈತ್ರೇಯಿಯೇ ಫೋನು ಮಾಡಿದಳು. ಬಾಯಿ ಬಿಟ್ಟು ಏನನ್ನೂ ಕೇಳುವ ಹುಡುಗಿಯಲ್ಲ ಅವಳು. “ಅಣ್ಣಾ, ಈ ಸಲ ಕರೀಲಿಕ್ಕೆ ಬರ್ತೀಯೇನು? ನಿನಗೊಂದು ಮಾತು ಹೇಳೋದಿತ್ತು” ಎಂದಳು. ಇವರು ನನ್ನ ಮುಖ ನೋಡಿ, ನಿಮ್ಮ ವೈನಿಗೆ ಜ್ವರ ಎಂದುಬಿಟ್ಟರು. ನಾನು ಗುಂಡುಕಲ್ಲಿನ ಹಾಗೆ ಎದುರಿಗೇ ನಿಂತಿದ್ದೆ. ಆಚೆಯಿಂದ ಅವಳು, ಇರಲಿ, ವೈನಿಯನ್ನು ಛಲೋ ನೋಡಿಕೋ ಎಂದು ಹೇಳಿ ಇಟ್ಟಳು. ಅವತ್ತು ಇವರು ಊಟ ಮಾಡಲಿಲ್ಲ, ನಾನು ಮಾಡಿರೆಂದು ಹೇಳಲೂ ಇಲ್ಲ.

ಮರುತಿಂಗಳು ಕಾರ್ಖಾನೆಯಲ್ಲಿ ಪಗಾರ ತಡವಾಗಿ ಒಂದು ಕಂತು ತಪ್ಪಿತು. ಬ್ಯಾಂಕಿನ ವಸೂಲಿಯವರು ಎರಡು ದಿನ ಬಿಡದೆ ಫೋನು ಮಾಡಿದರು, ಇವರು ಎತ್ತಲಿಲ್ಲ. ಆಮೇಲೆ ದಂಡದ ಸಮೇತ ಕಟ್ಟಿದೆವು, ಮುಗಿಯಿತು ಎಂದುಕೊಂಡೆವು. ಅಲ್ಲಿಂದ ಮುಂದೆ ಮೈತ್ರೇಯಿಯ ಫೋನು ಕಡಿಮೆಯಾಯಿತು. ನಾವು ಮಾಡಿದರೂ ಆರಾಮಿದ್ದೇನೆ ಎಂದಷ್ಟೇ ಹೇಳುತ್ತಿದ್ದಳು. ಸಿಟ್ಟಾಗಿದ್ದಾಳೆ, ಇನ್ನೇನು ನಾಲ್ಕೈದು ತಿಂಗಳು, ಎಲ್ಲ ಸರಿಮಾಡುತ್ತೇನೆ ಎನ್ನುತ್ತಿದ್ದರು ಇವರು.

ಈ ವರ್ಷ ಮಾಘದಲ್ಲಿ ಕಡೆಯ ಕಂತು ಹೋಯಿತು. ಮರುದಿನವೇ ಹೋಗಿ ತಂಗಿಯನ್ನು ನೋಡಿಕೊಂಡು ಬನ್ನಿರೆಂದು ನಾನು ಬಡಿದುಕೊಂಡೆ. ಕೇಳಲಿಲ್ಲ. ಪಂಚಮಿಗೇ ಹೋಗುತ್ತೇನೆ, ಬಾಕಿ ಇಟ್ಟುಕೊಂಡ ಹಬ್ಬಗಳನ್ನೆಲ್ಲ ಕೂಡಿಸಿಯೇ ಒಯ್ಯುತ್ತೇನೆ ಎಂದರು. ತಿಂಗಳು ತಿಂಗಳು ದುಡ್ಡು ಕೂಡಿಸಿ ನಾಲ್ಕು ಇಳಕಲ್ ಸೀರೆ ತಂದರು, ತಪ್ಪಿದ ಮೂರು ಹಬ್ಬಕ್ಕೆ ಮೂರು, ಈ ಹಬ್ಬಕ್ಕೆ ಒಂದು. ಕೆಂಪು, ನೀಲಿ, ನೇರಳೆ, ಹಸಿರು. ಅಂಗಡಿಯಲ್ಲಿ ಒಂದೊಂದನ್ನೂ ತೋಳಿನ ಮೇಲೆ ಹರವಿಕೊಂಡು ಇದು ಮೈತ್ರಿಗೆ ಒಪ್ಪುತ್ತದಲ್ಲ ಎಂದು ಕೇಳುವಾಗ, ಪೇಡೆ ಹಂಚುತ್ತಿದ್ದ ನನ್ನ ಹಳೆಯ ಗಂಡ ತಿರುಗಿ ಬಂದರು ಎನಿಸಿತು. ನಾನು ಎರಡು ದಿನ ಕೂತು ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಿದೆ. ತುಪ್ಪಕ್ಕೆ ಲೆಕ್ಕ ಇಡಲಿಲ್ಲ.

ಹಬ್ಬಕ್ಕೆ ಮೂರು ದಿನ ಮುಂಚೆ ಇಬ್ಬರೂ ಗೋಪನಕೊಪ್ಪಕ್ಕೆ ಹೋದೆವು. ರೋಹಿತ ಬಾಗಿಲು ತೆರೆದ. ನಮ್ಮನ್ನು ನೋಡಿ ಅವನ ಮುಖದಲ್ಲಿ ಸಂತೋಷವೂ ಬಂತು, ಮತ್ತೇನೋ ಅಂಜಿಕೆಯೂ ಬಂತು. ಮೈತ್ರೇಯಿ ಒಳಗಿನಿಂದ ಓಡಿಬಂದು ಅಣ್ಣನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಬಹಳ ಸೊರಗಿದ್ದಳು. ತಾಳಿಯ ಕೆಳಗೆ ಎದೆಯ ಎಲುಬು ಕಾಣುತ್ತಿತ್ತು. ಹೀಗ್ಯಾಕೆ ಎಂದು ನಾನು ಕೇಳಿದ್ದಕ್ಕೆ ಚಹಾ ಇಡುತ್ತೇನೆ ಎಂದು ಒಳಗೆ ಹೋದಳು.

ಇವರು ಚೀಲ ಬಿಚ್ಚಿ ಸೀರೆಗಳನ್ನು ಚಾಪೆಯ ಮೇಲೆ ಇಡುತ್ತಿದ್ದರು. ರೋಹಿತನ ತಾಯಿ ಅಂಬಾಬಾಯಿ ಮಂಚದ ಮೇಲೆ ಕೂತು ನೋಡುತ್ತಿದ್ದರು. ಹಸಿರು ಸೀರೆ ಹೊರಬಂದಾಗ ಅದನ್ನು ಕೈಗೆತ್ತಿಕೊಂಡರು. ಹಸಿರು ಸೀರೆ ನಮ್ಮಲ್ಲಿ ಕುಬಸದ ಸೀರೆ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಕುಪ್ಪಸ ತಂದು ಉಡಿಸಿ, ಬಾಣಂತನಕ್ಕೆ ತಮ್ಮ ಮನೆಗೆ ಕರೆದೊಯ್ಯುತ್ತಾರೆ.

“ಇದನ್ನ ಈಗ ತಂದ್ರೇನು?” ಎಂದರು ಅಂಬಾಬಾಯಿ. ದನಿ ಏರಿಸಲಿಲ್ಲ. “ಕುಬಸಕ್ಕ ಬರ್ಲಿಲ್ಲ ನೀವು. ಕೂಸು ಹ್ವಾದಾಗೂ ಬರ್ಲಿಲ್ಲ. ತವರು ಇಲ್ಲದಾಕಿನ್ನ ತಂದ್ಕೊಂಡೆ ಅಂತ ನಾನೂ ಸುಮ್ನಾದೆ.”

ಇವರಿಗೆ ಅರ್ಥವೇ ಆಗಲಿಲ್ಲ. ಯಾವ ಕೂಸು ಎಂದು ಕೇಳಿದರು. ರೋಹಿತ ತಲೆ ತಗ್ಗಿಸಿ ನಿಧಾನವಾಗಿ ಹೇಳಿದ. ಹೋದ ಪಂಚಮಿಯ ಹೊತ್ತಿಗೆ ಮೈತ್ರೇಯಿಗೆ ಎರಡು ತಿಂಗಳಾಗಿತ್ತು. ಪುಷ್ಯದಲ್ಲಿ, ಏಳು ತಿಂಗಳಿರುವಾಗ ರಕ್ತದೊತ್ತಡ ಏರಿತು, ದವಾಖಾನೆಗೆ ಸೇರಿಸಿದರು, ಕೂಸು ಉಳಿಯಲಿಲ್ಲ. ನಿಮಗೆ ಹೇಳಕೂಡದೆಂದು ಅವಳು ತನ್ನಿಂದ ಆಣೆ ಮಾಡಿಸಿಕೊಂಡಿದ್ದಳು, ಅತ್ತೆಗೆ ಮಾತ್ರ ತವರಿಗೆ ತಿಳಿಸಿದ್ದೇನೆ ಎಂದಿದ್ದಳು ಎಂದ.

ಚಹಾದ ಲೋಟ ಹಿಡಿದು ಮೈತ್ರೇಯಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಲೋಟಗಳನ್ನು ಕೆಳಗಿಟ್ಟು ಅಣ್ಣನ ಎದುರಿಗೆ ಕೂತಳು.

“ಬ್ಯಾಂಕಿನವರು ನನಗೂ ಫೋನ್ ಮಾಡಿದ್ರು, ಅಣ್ಣಾ. ನೀ ಎತ್ತಲಿಲ್ಲಂತ, ಸಾಲದ ಅರ್ಜಿಯೊಳಗ ನನ್ನ ನಂಬರ್ ಇತ್ತಂತ. ಯಾವಾಗಿನ ಸಾಲಾ ಅಂತ ಕೇಳಿದೆ. ಹೇಳಿದ್ರು. ನನ್ನ ಲಗ್ನದ ಮುಂಚಿನ ವಾರದ್ದು.”

ಇವರು ಏನೋ ಹೇಳಲು ಬಾಯಿ ತೆರೆದರು. ಅವಳು ಬಿಡಲಿಲ್ಲ.

“ಹೇಳಿದ್ರ ನೀ ಓಡಿ ಬರ್ತಿದ್ದಿ. ಕುಬಸಾ ಮಾಡ್ತಿದ್ದಿ, ಬಾಣಂತನಾ ಮಾಡ್ತಿದ್ದಿ, ಮತ್ತ ಸಾಲಾ ತಗೀತಿದ್ದಿ. ನನ್ನ ಸಲುವಾಗಿ ನೀ ಎಷ್ಟು ಉಳಸ್ತಿದ್ದಿ, ನಾನೂ ನಿನ್ನ ಸಲುವಾಗಿ ಅಷ್ಟು ಉಳಸೋಣು ಅಂದ್ಕೊಂಡೆ. ಮಾಘಕ್ಕ ಸಾಲಾ ತೀರ್ತದ, ಆಮ್ಯಾಲೆ ಕೂಸು ಬರ್ತದ ಅಂತ ಲೆಕ್ಕಾ ಹಾಕಿದ್ದೆ. ಕೂಸಿಗೇ ಅವಸರಾತು.”

ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಇವರ ಮೇಲೆ ಆಗಲೇ, ಅವಳ ಮೇಲೆ ಆಗಲೇ? ಒಬ್ಬರಿಗೊಬ್ಬರು ಭಾರವಾಗಬಾರದೆಂದು ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ಬಾಯಿ ಮುಚ್ಚಿಕೊಂಡರು. ಆ ಹುಡುಗಿ ಏಳು ತಿಂಗಳು ಹೊತ್ತು, ತವರಿನ ಒಂದು ಕೈಯೂ ಬೆನ್ನ ಮೇಲಿಲ್ಲದೆ ದವಾಖಾನೆಯ ಮಂಚದ ಮೇಲೆ ಒಬ್ಬಳೇ ಮಲಗಿದ್ದಳು. ಕೂಸು ಉಳಿಯುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ನಾವು ಹತ್ತಿರ ಇರಬಹುದಿತ್ತು. ಅದಕ್ಕೆ ಬಸ್ಸಿನ ಚಾರ್ಜಿಗಿಂತ ಹೆಚ್ಚು ಬೇಕಿರಲಿಲ್ಲ.

ಇವರು, ಹೆಣ್ಣೋ ಗಂಡೋ ಎಂದು ಕೇಳಿದರು.

“ಹೆಣ್ಣು. ಮೂಗು ನಿನ್ನ ಹಂಗ ಇತ್ತು,” ಎಂದಳು ಮೈತ್ರೇಯಿ.

ಎಲ್ಲಿ ಮಣ್ಣು ಮಾಡಿದಿರಿ, ತೋರಿಸು ಎಂದು ಇವರು ರೋಹಿತನ ಕಡೆ ತಿರುಗಿದರು. ಈಗ ಗುರುತು ಸಿಗುವುದಿಲ್ಲ, ಮಳೆಯಾಗಿ ಹುಲ್ಲು ಬೆಳೆದಿದೆ ಎಂದ ಅವನು. ಇವರು ಎದ್ದವರು ಹಾಗೇ ಕೂತುಬಿಟ್ಟರು. ಸೋದರಮಾವನಾಗಿದ್ದೆ ಎಂದು ಗೊತ್ತಾಗುವ ಹೊತ್ತಿಗೆ ಅದು ಮುಗಿದೇ ಹೋಗಿತ್ತು. ಕೂಸನ್ನು ಕಳೆದುಕೊಂಡ ಮೈತ್ರೇಯಿಯೇ ಇವರ ಬೆನ್ನು ಸವರುತ್ತ, ಕರೆಯಲು ಬಂದಿದ್ದೀಯಲ್ಲ, ನಡಿ ಹೋಗೋಣ ಎಂದು ಸಮಾಧಾನ ಮಾಡಿದಳು. ಅಂಬಾಬಾಯಿ ಕಣ್ಣೊರೆಸಿಕೊಂಡು, ಕರೆದುಕೊಂಡು ಹೋಗಿರಿ, ತಿಂಗಳು ಇಟ್ಟುಕೊಂಡು ಕಳಿಸಿರಿ ಎಂದರು.

ಹಬ್ಬದ ದಿನ ಬೆಳಿಗ್ಗೆ ಮಣ್ಣಿನ ನಾಗಪ್ಪನನ್ನು ಮಣೆಯ ಮೇಲಿಟ್ಟು ಹಾಲೆರೆಯಲು ಕೂತೆವು. ಈ ಹಾಲನ್ನು ಸುಮ್ಮನೆ ಸುರಿಯುವುದಿಲ್ಲ. ತನ್ನವರ ಹೆಸರನ್ನು ಒಬ್ಬೊಬ್ಬರದಾಗಿ ಹೇಳಿ, ಇದು ಇವರ ಪಾಲು, ಇದು ಅವರ ಪಾಲು ಎನ್ನುತ್ತ ತುಸು ತುಸುವೇ ಎರೆಯಬೇಕು. ಮೈತ್ರೇಯಿ ಕೊಬ್ಬರಿ ಬಟ್ಟಲಲ್ಲಿ ಹಾಲು ತೆಗೆದುಕೊಂಡು ದೇವರ ಪಾಲು ಎಂದಳು, ಅಣ್ಣನ ಪಾಲು, ವೈನಿಯ ಪಾಲು, ಅತ್ತೆಯ ಪಾಲು ಎಂದಳು. ಗಂಡನದನ್ನೂ ತನ್ನದನ್ನೂ ಎರೆದು ಬಟ್ಟಲನ್ನು ಕೆಳಗಿಡಲು ಹೋದಳು.

ಹೆಂಗಸರ ಪೂಜೆಯ ಹತ್ತಿರ ಎಂದೂ ಸುಳಿಯದ ಇವರು ಬಂದು ಹಿಂದೆ ನಿಂತಿದ್ದು ನನಗೆ ಗೊತ್ತಾಗಿರಲಿಲ್ಲ.

“ಕೂಸಿನ ಪಾಲು ಎರಿ, ಮೈತ್ರಿ,” ಎಂದರು.

ಅವಳು ತಿರುಗಿ ಅಣ್ಣನ ಮುಖ ನೋಡಿದಳು. ಆಮೇಲೆ ಬಟ್ಟಲನ್ನು ಮತ್ತೆ ತುಂಬಿಕೊಂಡಳು. ಕೂಸಿನ ಪಾಲು ಎಂದು ಹೇಳಿ ಎರೆದಳು.