ಹೊರಡುವ ಹೊತ್ತಿಗೆ ಕೈಗಿಟ್ಟ ಕರೆಂಟ್ ಬಿಲ್ಲು

ಬಸ್ಸಿಗೆ ಇನ್ನೊಂದೇ ಗಂಟೆ. ಮಕ್ಕಳಿಬ್ಬರೂ ಆಗಲೇ ಚಪ್ಪಲಿ ಹಾಕಿಕೊಂಡು ಚೀಲದ ಮೇಲೆ ಕೂತಿದ್ದರು. ಆಗ ರಜಾ ವಸತಿಯ ಗುಮಾಸ್ತ ಟೈಲರಮ್ಮನ ಕೈಗೆ ಒಂದು ಬಿಲ್ಲು ಇಟ್ಟ. ಕರೆಂಟಿನ ಶುಲ್ಕ! ಹದಿನೈದು ದಿನ ಬೆನ್ನು ಬಗ್ಗಿಸಿ ಹೊಲಿದರೆ ಬರುವಷ್ಟು ಹಣ. ಕಟ್ಟುವವರೆಗೆ ಗುರುತಿನ ಚೀಟಿ ವಾಪಸ್ ಕೊಡುವುದಿಲ್ಲವಂತೆ.

"ಇದೇನಪ್ಪಾ? ವರ್ಷಕ್ಕೊಂದು ವಾರ ನಮ್ಮದು ಅಂತ ಬೇರೆ ಊರಿನ ರಜಾ ಮನೆಗೆ ದುಡ್ಡು ಕಟ್ಟಿದ್ದೀವಿ. ಆ ವಾರ ಬಿಟ್ಟುಕೊಟ್ಟು, ಅದರ ಬದಲಿಗೆ ಇಲ್ಲಿಗೆ ಬಂದಿದ್ದೀವಿ. ಮತ್ತೆ ಇದ್ಯಾವ ದುಡ್ಡು?"

"ಬದಲಿಗೆ ಬಂದವರಿಗೆ ಇದು ಉಂಟೇ ಉಂಟು ಮೇಡಂ. ಇಲ್ಲಿಯ ವಾರ ಕೊಂಡವರಿಗೆ ಮಾತ್ರ ಇಲ್ಲ."

ಟೈಲರಮ್ಮನ ಕಿವಿ ಬಿಸಿಯಾಯಿತು. ಇಲ್ಲಿಯ ವಾರ ಕೊಂಡಿದ್ದ ಪಕ್ಕದ ಕೋಣೆಯವರು ಬಾಗಿಲು ತೆರೆದಿಟ್ಟೇ ವಾರವಿಡೀ ಎಸಿ ಓಡಿಸಿದ್ದರು. ಇವಳು ಮಕ್ಕಳ ಹಿಂದೆ ಹಿಂದೆ ಹೋಗಿ ದೀಪ ಆರಿಸಿದ್ದಳು.

"ಕೊಟ್ಟು ಹೋಗೋಣ ಬಾರೇ. ಹತ್ತು ಜನರ ಮುಂದೆ ಜಗಳ ಯಾಕೆ?" ಎಂದ ಗಂಡ.

"ದಾರೀಲಿ ಬಿದ್ದು ಸಿಕ್ಕಿದ ದುಡ್ಡೇನ್ರೀ ಅದು?"

ಜೊತೆಗೆ ಬಂದಿದ್ದ ಅವಳ ಅಕ್ಕ ಊರಲ್ಲಿ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವವಳು. ಬಿಲ್ಲು ಇಸಿದುಕೊಂಡು ನೋಡಿದಳು.

"ಒಂದು ವಾರಕ್ಕೆ ನಾನ್ನೂರ ಹತ್ತು ಯೂನಿಟ್ಟಾ? ಇಷ್ಟರಲ್ಲಿ ಹಿಟ್ಟಿನ ಗಿರಣಿ ಓಡುತ್ತೆ ಕಣಪ್ಪಾ! ನಡಿ, ಮೀಟರ್ ತೋರಿಸು."

ಬಂದ ದಿನವೇ ಅಕ್ಕ ಮೆಟ್ಟಿಲ ಕೆಳಗಿದ್ದ ತಮ್ಮ ಕೋಣೆಯ ಮೀಟರಿನ ಫೋಟೊ ತೆಗೆದಿದ್ದಳು. "ರಜೇಲೂ ಕಸುಬು ಬಿಡಲ್ವಲ್ಲ ಅತ್ತಿಗೆ! ಮೀಟರಿಗೆ ನಮಸ್ಕಾರ ಹಾಕಿ ಬಂದ್ರಾ?" ಎಂದು ಹೆಂಡತಿಯ ಅಕ್ಕನೆಂಬ ಸಲಿಗೆಯಲ್ಲಿ ಗಂಡ ರೇಗಿಸಿದ್ದ. ಟೈಲರಮ್ಮನೂ ನಕ್ಕಿದ್ದಳು. ಈಗ ಆ ಫೋಟೊ ಹೊರಬಂತು, ತಾರೀಖಿನ ಸಮೇತ. ಇವತ್ತಿನ ಅಂಕಿಯಿಂದ ಅದನ್ನು ಕಳೆದರೆ ಇವರು ಉರಿಸಿದ್ದು ನಲವತ್ತೆರಡೇ ಯೂನಿಟ್.

ಗುಮಾಸ್ತ ತಲೆ ಕೆರೆದುಕೊಂಡ. "ಹೋದ ತಿಂಗಳು ಬರೆದ ಅಂಕಿಯಿಂದ ಲೆಕ್ಕ ಹಾಕಿಬಿಟ್ಟೆ."

"ಅಂದ್ರೆ ನಮಗಿಂತ ಮುಂಚೆ ಬಂದವರಿಗೆಲ್ಲ ಸ್ನಾನಕ್ಕೆ ನೀರು ಕಾಯಿಸಿಕೊಟ್ಟಿದ್ದು ನಾವಾ?" ಟೈಲರಮ್ಮನ ದನಿಗೆ ಪಕ್ಕದ ಕೋಣೆಯವರೂ ಬಾಗಿಲಿಗೆ ಬಂದರು. "ಹೊಸ ಬಿಲ್ಲು ಬರಿ. ರಸೀದಿ ಕೊಡು. ನಮ್ಮ ಗುರುತಿನ ಚೀಟಿ ಮೊದಲು ಇಲ್ಲಿಡು!"

ಅಕ್ಕ ತಂಗಿಯ ಗಂಡನ ಜೇಬಿನಲ್ಲಿದ್ದ ಬುಕಿಂಗ್ ಪತ್ರ ಇಸಿದುಕೊಂಡು ಬಿಡಿಸಿದಳು. ಎರಡನೇ ಪುಟದ ಕೊನೆಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: ಬದಲಿ ಅತಿಥಿಗಳು ಕರೆಂಟಿಗೆ ಮೀಟರ್ ಪ್ರಕಾರ ಪ್ರತ್ಯೇಕ ಶುಲ್ಕ ಕೊಡಬೇಕು. ಅದನ್ನು ಗಂಡ ಓದಿರಲಿಲ್ಲ. ವಾರ ಮಾರಿದವನು ಹೇಳಿರಲಿಲ್ಲ.

"ಅಳತೆ ಬರೆದುಕೊಳ್ಳದೆ ಒಂದಾದ್ರೂ ಅಂಗಿ ಕತ್ತರಿಸಿದ್ದೀಯೇನೇ ನೀನು?" ಅಕ್ಕ ಕೇಳಿದಳು.

"ಇಲ್ಲ ಅಕ್ಕಾ."

"ಮತ್ತೆ ಇಲ್ಲಿಗೆ ಪತ್ರ ಓದದೆ ಹೇಗೆ ಬಂದೆ?"

ಟೈಲರಮ್ಮ ನಲವತ್ತೆರಡು ಯೂನಿಟ್ಟಿನ ಹಣ ಎಣಿಸಿ ಕೊಟ್ಟಳು, ರಸೀದಿ, ಗುರುತಿನ ಚೀಟಿ ಎರಡನ್ನೂ ಪಡೆದಳು. ಬಸ್ಸಿನಲ್ಲಿ ಗಂಡ ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. "ಮುಂದಿನ ಸಲ ಮೀಟರಿಗೆ ನಾನೇ ನಮಸ್ಕಾರ ಹಾಕ್ತೀನಿ ಅತ್ತಿಗೆ," ಎಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ವಾರವನ್ನು ಬದಲಿಗೆ ಕೊಡುವ ಮುಂಚೆಯೇ ಕೇಳಿ: ಅಲ್ಲಿ ಕರೆಂಟಿಗೆ, ನೀರಿಗೆ, ಗ್ಯಾಸಿಗೆ ಬೇರೆ ದುಡ್ಡು ಇದೆಯೇ, ಎಷ್ಟು? ಬಾಯಿಮಾತು ನಂಬಬೇಡಿ, ಬರೆದು ಕೊಡಲು ಹೇಳಿ. ಪತ್ರದ ಕೊನೆಯ ಸಾಲನ್ನೂ ಓದಿ. ಕೋಣೆಗೆ ಕಾಲಿಟ್ಟ ಕೂಡಲೇ ಮೀಟರಿನ ಫೋಟೊ ತೆಗೆಯಿರಿ. ಬಿಲ್ಲು ತಪ್ಪಾಗಿದ್ದರೆ ನಾಚದೆ ಪ್ರಶ್ನಿಸಿ. ಅವರು ಕೇಳದಿದ್ದರೆ ಗ್ರಾಹಕರ ದೂರು ಕಚೇರಿಗೆ ಬರೆಯಿರಿ. ಹೊರಡುವ ಅವಸರದಲ್ಲಿ ನೀವು ಬಾಯಿ ಮುಚ್ಚಿಕೊಳ್ಳುತ್ತೀರಿ ಎಂಬ ಧೈರ್ಯದ ಮೇಲೇ ಅವರು ಆ ಬಿಲ್ಲು ಬರೆಯುವುದು.